ವೆಸ್ಟರ್ನ್ ಸಿನಿಮಾಗಳಲ್ಲಿ ಶ್ರೇಷ್ಠ ಯಾವುದು, ಪ್ರಿಯ ಯಾವುದು: ಮಲೆನಾಡಿನಲ್ಲಿ ಕೂತು ವಾದಿಸುವ ಕ್ರಮ

ವೆಸ್ಟರ್ನ್ ಸಿನಿಮಾಗಳಲ್ಲಿ, ಅಂದರೆ ಅಮೆರಿಕದ ಪಶ್ಚಿಮ ಭಾಗದ ಕುದುರೆ, ಬಂದೂಕುಗಳ ಕಥೆಗಳಲ್ಲಿ, ಅತ್ಯುತ್ತಮ ಯಾವುದು ಎಂಬ ಮಾತು ಎಲ್ಲಿ ಎದ್ದರೂ ಸ್ವಲ್ಪ ಹೊತ್ತಿನಲ್ಲೇ ಅದು ಎರಡು ಬೇರೆ ಪ್ರಶ್ನೆಗಳ ಕಲಸುಮೇಲೋಗರವಾಗುತ್ತದೆ. ಸಿನಿಮಾದ ಇತಿಹಾಸದಲ್ಲಿ ಯಾವುದು ದೊಡ್ಡದು ಎಂದು ಒಬ್ಬರು ಹೇಳುತ್ತಿದ್ದರೆ, ತಮಗೆ ಯಾವುದು ಪ್ರಿಯ ಎಂದು ಇನ್ನೊಬ್ಬರು ಹೇಳುತ್ತಿರುತ್ತಾರೆ. ಇಬ್ಬರೂ ಒಂದೇ ವಿಷಯ ಮಾತಾಡುತ್ತಿದ್ದೇವೆಂದು ನಂಬಿ ದನಿ ಏರಿಸುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಐದಾರು ಜನ ಸೇರಿ ಈ ಸಿನಿಮಾಗಳನ್ನು ನೋಡಿ, ಮನಸ್ಸು ಕೆಡಿಸಿಕೊಳ್ಳದೆ, ಹಾಗೆಂದು ಪಟ್ಟೂ ಸಡಿಲಿಸದೆ ವಾದ ಮಾಡಬೇಕೆಂದಿದ್ದರೆ ಆ ಎರಡು ಪ್ರಶ್ನೆಗಳನ್ನು ಮೊದಲ ದಿನವೇ ಬೇರೆ ಮಾಡಿಕೊಳ್ಳಬೇಕು. ಉಳಿದ ಕ್ರಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಶ್ರೇಷ್ಠ ಎನ್ನುವವರು ಸಾಕ್ಷಿ ಕೊಡಬೇಕು. ಪರದೆಯ ಮೇಲೆ ಕಣ್ಣಿಗೆ ಕಾಣುವ ಒಂದು ದೃಶ್ಯ, ಅದಕ್ಕಿಂತ ಹಿಂದಿನ ಸಿನಿಮಾಗಳಲ್ಲಿ ಇಲ್ಲದೇ ಇದ್ದ ಒಂದು ಗುಣ, ಅದರಿಂದ ಮುಂದಿನವರು ಕಲಿತದ್ದು: ಇವುಗಳಲ್ಲಿ ಒಂದನ್ನಾದರೂ ತೋರಿಸದೆ ಶ್ರೇಷ್ಠ ಎಂಬ ಮಾತನ್ನು ಆಡಲು ಬಿಡಬಾರದು. ಪ್ರಿಯ ಎನ್ನುವವರಿಗೆ ಸಾಕ್ಷಿಯ ಹೊರೆಯಿಲ್ಲ, ಆದರೆ ವಿವರಣೆಯ ಹೊಣೆಯಿದೆ. ಆ ಸಿನಿಮಾ ತಮ್ಮಲ್ಲಿ ಏನನ್ನು ಮುಟ್ಟಿತು ಎಂದು ಅವರು ಹೇಳಬೇಕು. ಕೇಳುವವರು ಪ್ರಶ್ನೆ ಕೇಳಬಹುದೇ ಹೊರತು ಖಂಡಿಸಬಾರದು. ಒಂದೇ ರಾತ್ರಿಯಲ್ಲಿ ಎರಡನ್ನೂ ಮಾಡುವುದಾದರೆ ಶ್ರೇಷ್ಠದ ವಾದ ಊಟಕ್ಕೆ ಮೊದಲು ಮುಗಿಯಲಿ, ಪ್ರಿಯದ ಮಾತು ಊಟದ ನಂತರ ನಡೆಯಲಿ. ಬಿಸಿ ವಾದವನ್ನು ಊಟಕ್ಕೆ ಕೊಂಡೊಯ್ದರೆ ಮನೆಯವರಿಗೂ ಹಿಂಸೆ.

ಹಳ್ಳಿಯಲ್ಲಿ ಕೂತು ಪರದೇಶದ ಸಿನಿಮಾದ ಬಗ್ಗೆ ಇಷ್ಟು ಶಿಸ್ತಾಗಿ ಮಾತಾಡುವುದು ಸಾಧ್ಯವೇ ಎಂಬ ಅಳುಕು ಈ ಭಾಗದವರಿಗೆ ಬೇಡ. 1949ರಲ್ಲಿ ಹುಟ್ಟಿದ, ಸಾಗರದ ಬಳಿಯ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ, ಜಗತ್ತಿನ ದೊಡ್ಡ ಸಿನಿಮಾಗಳನ್ನು ಅಡಿಕೆ ತೋಟದ ಜನರ ಮುಂದೆ ಇಟ್ಟು, ನೋಡಿದವರಿಂದ ಮಾತಾಡಿಸಿ ಆ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ.

ಮೊದಲು ಗಡಿ ಹಾಕಿಕೊಳ್ಳಿ

ವೆಸ್ಟರ್ನ್ ಎಂದು ಯಾವುದನ್ನು ಒಪ್ಪುತ್ತೀರಿ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಅಮೆರಿಕದ ಪಶ್ಚಿಮ ಭಾಗದಲ್ಲಿ, ಹೆಚ್ಚಾಗಿ 1865ರಲ್ಲಿ ಅಂತರ್ಯುದ್ಧ ಮುಗಿದ ನಂತರದ ಮೂರು ನಾಲ್ಕು ದಶಕಗಳಲ್ಲಿ, ಕಾನೂನು ಇನ್ನೂ ಬೇರು ಬಿಡದ ಊರಿನಲ್ಲಿ ನಡೆಯುವ ಕಥೆ ಎಂದು ಇಟ್ಟುಕೊಂಡರೆ ಬಹುಪಾಲು ಜಗಳ ತಪ್ಪುತ್ತದೆ. ಚಿತ್ರೀಕರಣ ಎಲ್ಲಿ ನಡೆಯಿತು ಎಂಬುದನ್ನು ಗಡಿಯಾಗಿ ಮಾಡಬೇಡಿ. ಹಾಗೆ ಮಾಡಿದರೆ ಸ್ಪೇನ್ ದೇಶದ ಅಲ್ಮೇರಿಯಾದ ಬಯಲಿನಲ್ಲಿ ಚಿತ್ರೀಕರಿಸಿದ ಇಟಲಿಯ ಸೆರ್ಜಿಯೊ ಲಿಯೋನೆಯನ್ನು ಹೊರಗಿಡಬೇಕಾಗುತ್ತದೆ, ಅದು ದೊಡ್ಡ ನಷ್ಟ. ಯಾರಾದರೂ ‘ಶೋಲೆ’ಯ ಹೆಸರು ಎತ್ತಿಯೇ ಎತ್ತುತ್ತಾರೆ. 1975ರ ಆ ಸಿನಿಮಾ ನಮ್ಮದೇ ರಾಮನಗರದ ಬಂಡೆಗಳ ನಡುವೆ ರೂಪುಗೊಂಡದ್ದು, ಲಿಯೋನೆಯಿಂದ ಧಾರಾಳವಾಗಿ ಪಡೆದದ್ದು ಎರಡೂ ನಿಜ. ಆದರೂ ಅದಕ್ಕೆ ಪ್ರತ್ಯೇಕ ದಿನ ಕೊಡಿ. ಇಲ್ಲದಿದ್ದರೆ ಎಲ್ಲರಿಗೂ ಬಾಯಿಪಾಠವಾಗಿರುವ ಸಂಭಾಷಣೆಗಳೇ ರಾತ್ರಿಯನ್ನು ನುಂಗಿಬಿಡುತ್ತವೆ.

ಪ್ರಸಿದ್ಧ ಪಟ್ಟಿಗಳನ್ನು ತಂದು ವಾದ ಮುಗಿಸಲು ಹೊರಡುವವರಿಗೂ ಒಂದು ಮಾತು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಪ್ರಕಟಿಸಿದ ಹತ್ತು ವೆಸ್ಟರ್ನ್‌ಗಳ ಪಟ್ಟಿಯಲ್ಲಿ ‘ದಿ ಸರ್ಚರ್ಸ್’ ಮೊದಲನೆಯದು, ‘ಹೈ ನೂನ್’ ಎರಡನೆಯದು, ‘ಶೇನ್’ ಮೂರನೆಯದು, ‘ಅನ್‌ಫರ್ಗಿವನ್’ ನಾಲ್ಕನೆಯದು. ಅದು ಅಮೆರಿಕದ ಸಿನಿಮಾಗಳ ಪಟ್ಟಿ. ಆ ಹತ್ತರಲ್ಲಿ ಲಿಯೋನೆಯ ಒಂದು ಸಿನಿಮಾವೂ ಇಲ್ಲ. ಪಟ್ಟಿ ಯಾವುದನ್ನು ನೋಡಬೇಕೆಂದು ತಿಳಿಸಬಲ್ಲದು, ನಿಮ್ಮ ಪರವಾಗಿ ವಾದ ಮಾಡಲಾರದು. ಪ್ರಶಸ್ತಿಗಳ ವಿಷಯವೂ ಅಷ್ಟೇ: ಅದೇ ‘ದಿ ಸರ್ಚರ್ಸ್’ಗೆ ಆಸ್ಕರ್‌ನ ಒಂದು ನಾಮನಿರ್ದೇಶನವೂ ಸಿಕ್ಕಿರಲಿಲ್ಲ.

ಜೋಡಿಯಿಂದ ಶುರುಮಾಡಿ

ಒಂದೇ ಸಿನಿಮಾ ನೋಡಿ ಶ್ರೇಷ್ಠವೋ ಅಲ್ಲವೋ ಎಂದು ಕೇಳಿದರೆ ಮಾತು ಹೊಗಳಿಕೆಯಲ್ಲೇ ನಿಲ್ಲುತ್ತದೆ. ಎರಡನ್ನು ಎದುರು ಬದುರು ಇಟ್ಟಾಗ ವಾದಕ್ಕೆ ನೆಲೆ ಸಿಗುತ್ತದೆ. ಅದಕ್ಕೆ ಹೇಳಿ ಮಾಡಿಸಿದ ಜೋಡಿ ಎಂದರೆ ಫ್ರೆಡ್ ಜಿನ್ನೆಮನ್ ನಿರ್ದೇಶಿಸಿದ ‘ಹೈ ನೂನ್’ (1952) ಮತ್ತು ಹೋವರ್ಡ್ ಹಾಕ್ಸ್ ನಿರ್ದೇಶಿಸಿದ ‘ರಿಯೋ ಬ್ರಾವೊ’ (1959), ಏಕೆಂದರೆ ಎರಡನೆಯದು ಮೊದಲನೆಯದಕ್ಕೆ ಉತ್ತರವಾಗಿಯೇ ಹುಟ್ಟಿತು.

‘ಹೈ ನೂನ್’ನಲ್ಲಿ ಗ್ಯಾರಿ ಕೂಪರ್ ಮಾಡಿದ ಮಾರ್ಷಲ್ ಕೇನ್ ಅದೇ ಬೆಳಿಗ್ಗೆ ಮದುವೆಯಾಗಿ ಕೆಲಸ ಬಿಟ್ಟವನು. ತಾನು ಜೈಲಿಗೆ ಕಳಿಸಿದ್ದ ಕೊಲೆಗಾರ ಮಧ್ಯಾಹ್ನದ ರೈಲಿಗೆ ಬರುತ್ತಾನೆಂದು ತಿಳಿದು ಅವನು ಊರವರ ನೆರವು ಕೇಳುತ್ತ ತಿರುಗುತ್ತಾನೆ. ಸುಮಾರು 85 ನಿಮಿಷದ ಸಿನಿಮಾದಲ್ಲಿ ಕಥೆಯ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಗೋಡೆ ಗಡಿಯಾರಗಳು ಮತ್ತೆ ಮತ್ತೆ ಕಾಣುತ್ತವೆ. ಚರ್ಚಿನ ದೃಶ್ಯದಲ್ಲಿ ಇಡೀ ಊರು ಸೇರಿ, ಸರದಿಯ ಮೇಲೆ ಮಾತಾಡಿ, ಒಳ್ಳೆಯ ಮಾತುಗಳಲ್ಲೇ ಅವನ ಕೈಬಿಡುತ್ತದೆ. ಗ್ರಾಮಸಭೆಗೆ ಹೋದ ಅನುಭವ ಇರುವ ಯಾರಿಗೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಆ ಹೊತ್ತಿಗೆ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಂಸತ್ತಿನ ಸಮಿತಿಯ ಮುಂದೆ ನಿಲ್ಲಬೇಕಾಗಿತ್ತು, ಆಮೇಲೆ ದೇಶ ಬಿಟ್ಟು ಇಂಗ್ಲೆಂಡಿಗೆ ಹೋದರು. ಇದನ್ನು ತಿಳಿದು ನೋಡಿದಾಗ ಕೇನ್‌ನ ಒಂಟಿತನಕ್ಕೆ ಇನ್ನೊಂದು ಪದರ ಸೇರುತ್ತದೆ.

ನಿಜವಾದ ಅಧಿಕಾರಿ ಹೀಗೆ ಮನೆ ಮನೆಗೆ ಹೋಗಿ ನೆರವು ಬೇಡುವುದಿಲ್ಲ ಎಂಬುದು ಹಾಕ್ಸ್ ಅವರ ಆಕ್ಷೇಪವಾಗಿತ್ತು. ‘ರಿಯೋ ಬ್ರಾವೊ’ದ ಶೆರಿಫ್‌ಗೆ ನೆರವು ಕೊಡುತ್ತೇವೆಂದು ಜನ ಬಂದರೂ ಅವನು ಬೇಡವೆನ್ನುತ್ತಾನೆ, ಕೊನೆಗೆ ಅವನ ಜೊತೆ ಉಳಿಯುವವರು ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಎಳೆಯ ಹುಡುಗ. ಮೊದಲ ಕೆಲವು ನಿಮಿಷ ಮಾತೇ ಇಲ್ಲ. ಕುಡಿತಕ್ಕೆ ದುಡ್ಡಿಲ್ಲದವನ ಕಡೆ ಒಬ್ಬ ನಾಣ್ಯವನ್ನು ಉಗುಳುವ ಪಾತ್ರೆಗೆ ಎಸೆಯುತ್ತಾನೆ, ಅದನ್ನು ಎತ್ತಿಕೊಳ್ಳಲು ಅವನು ಬಾಗುತ್ತಾನೆ. ಒಬ್ಬ ಮನುಷ್ಯ ಎಷ್ಟು ಕೆಳಗೆ ಇಳಿದಿದ್ದಾನೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಇಲ್ಲಿ ವಾದಕ್ಕಿರುವ ಪ್ರಶ್ನೆ ಸ್ಪಷ್ಟ: ಊರಿನ ಕಷ್ಟ ಊರಿನವರೆಲ್ಲರ ಹೊಣೆಯೋ, ಸಂಬಳ ಪಡೆದವನೊಬ್ಬನ ಹೊಣೆಯೋ? ಬಿಗಿಯಲ್ಲಿ ‘ಹೈ ನೂನ್’ ಮುಂದು, ಮನುಷ್ಯರ ಒಡನಾಟದಲ್ಲಿ ‘ರಿಯೋ ಬ್ರಾವೊ’ ಮುಂದು ಎಂಬುದು ನನ್ನ ತೀರ್ಮಾನ, ಮತ್ತು ಶ್ರೇಷ್ಠತೆಯ ತಕ್ಕಡಿಯಲ್ಲಿ ನಾನು ಎರಡನೆಯದಕ್ಕೇ ತೂಕ ಹೆಚ್ಚು ಕೊಡುತ್ತೇನೆ.

ಪಾತ್ರ ಅದಲು ಬದಲು ಮಾಡಿ

ವಾದದ ಕಲೆಯನ್ನು ಹೊರಗಿನಿಂದ ಕಲಿಯಬೇಕಾದ ಅಗತ್ಯ ಮಲೆನಾಡಿಗಿಲ್ಲ; ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆ ಇದೆ. ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ತನಗೆ ಒಪ್ಪಿಗೆಯಾದ ಪಕ್ಷವನ್ನಷ್ಟೇ ಹಿಡಿಯುವುದಿಲ್ಲ. ಇವತ್ತು ಕೃಷ್ಣನಾದವನು ನಾಳೆ ಕೌರವನಾಗಿ ಕೂರುತ್ತಾನೆ, ಮತ್ತು ಕೌರವನ ಮಾತು ಸೋತ ಮಾತಿನಂತೆ ಕೇಳಿಸಿದರೆ ಅವನ ಅರ್ಥಗಾರಿಕೆಯೇ ಕೆಟ್ಟಿತು ಎನ್ನುತ್ತಾರೆ. ಈ ಪದ್ಧತಿಯನ್ನು ಹಾಗೆಯೇ ತನ್ನಿ. ‘ಹೈ ನೂನ್’ ಮೆಚ್ಚಿದವರು ‘ರಿಯೋ ಬ್ರಾವೊ’ದ ಪರ ಹದಿನೈದು ನಿಮಿಷ ಮಾತಾಡಲಿ, ‘ರಿಯೋ ಬ್ರಾವೊ’ ಮೆಚ್ಚಿದವರು ಅದರ ವಿರುದ್ಧ ನಿಲ್ಲಲಿ. ಹಾಡುತ್ತ ಪ್ರಸಂಗ ನಡೆಸುವ ಭಾಗವತರ ಜಾಗದಲ್ಲಿ ಒಬ್ಬರು ಕೂತು, ಮಾತು ದೃಶ್ಯದಿಂದ ದೂರ ಸರಿದಾಗ ‘ಯಾವ ದೃಶ್ಯದಲ್ಲಿ?’ ಎಂದು ಕೇಳುತ್ತಿರಲಿ.

ಈ ಅಭ್ಯಾಸಕ್ಕೆ ಜಾನ್ ಫೋರ್ಡ್ ಅವರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವೇಲನ್ಸ್’ (1962) ತುಂಬ ಒಳ್ಳೆಯದು, ಏಕೆಂದರೆ ಅದರ ನಡುವೆ ಇರುವ ಪ್ರಶ್ನೆ ‘ವಾಲಿವಧೆ’ ಕೇಳಿ ಬೆಳೆದವರಿಗೆ ಹೊಸದಲ್ಲ. ಜೇಮ್ಸ್ ಸ್ಟೂವರ್ಟ್ ಮಾಡಿದ ಸ್ಟಾಡರ್ಡ್ ಪೂರ್ವದಿಂದ ಬಂದ ವಕೀಲ. ಬಂದೂಕಿನ ಬದಲು ಕಾನೂನು ಬೇಕೆನ್ನುವವನು. ರೌಡಿ ಲಿಬರ್ಟಿ ವೇಲನ್ಸ್ ಅವನನ್ನು ಬೀದಿಗೆ ಕರೆಯುತ್ತಾನೆ. ವಕೀಲ ನಡುಗುವ ಕೈಯಲ್ಲಿ ಗುಂಡು ಹಾರಿಸುತ್ತಾನೆ, ವೇಲನ್ಸ್ ಬೀಳುತ್ತಾನೆ. ಆ ಕೀರ್ತಿಯೇ ವಕೀಲನನ್ನು ಸೆನೆಟರ್ ಪದವಿಯವರೆಗೆ ಕೊಂಡೊಯ್ಯುತ್ತದೆ. ಬಹಳ ಹೊತ್ತಿನ ನಂತರ ಅದೇ ಘಟನೆಯನ್ನು ಫೋರ್ಡ್ ಇನ್ನೊಂದು ಕಡೆಯಿಂದ ತೋರಿಸುತ್ತಾರೆ: ಪಕ್ಕದ ಓಣಿಯ ಕತ್ತಲಲ್ಲಿ ಜಾನ್ ವೇನ್ ಮಾಡಿದ ಟಾಮ್ ಡಾನಿಫನ್ ನಿಂತಿದ್ದಾನೆ, ಅವನ ಆಳು ಪಾಂಪಿ ಬಂದೂಕನ್ನು ಎಸೆಯುತ್ತಾನೆ, ಟಾಮ್ ಅದನ್ನು ಹಿಡಿದು ವೇಲನ್ಸ್‌ಗೆ ಗುಂಡಿಡುತ್ತಾನೆ. ಮೊದಲ ಸಲ ಕ್ಯಾಮೆರಾ ಬೀದಿಯಲ್ಲಿತ್ತು, ನಮಗೆ ಒಂದೇ ಸತ್ಯ ಕಂಡಿತ್ತು. ಕ್ಯಾಮೆರಾ ಓಣಿಗೆ ಬಂದ ಕೂಡಲೇ ವೀರನೊಬ್ಬನ ಬದುಕೆಲ್ಲ ಇನ್ನೊಬ್ಬನ ಸಾಲವಾಗಿಬಿಡುತ್ತದೆ.

ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂದು ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ರಾಮ ಸಮರ್ಥನೆ ಕೊಡುತ್ತಾನೆ, ಒಳ್ಳೆಯ ಅರ್ಥಧಾರಿಗಳ ಬಾಯಲ್ಲಿ ಆ ವಾದ ಗಂಟೆಗಟ್ಟಲೆ ನಡೆಯುತ್ತದೆ. ವೇಲನ್ಸ್‌ಗೆ ಕೇಳುವ ಅವಕಾಶವೇ ಸಿಗುವುದಿಲ್ಲ. ಅವನ ಪರ ಕೇಳಬೇಕಾದವರು ನಿಮ್ಮ ಜಗಲಿಯಲ್ಲಿ ಕೂತವರು. ಟಾಮ್ ಸಮರ್ಥನೆಗೆ ಇಳಿಯುವುದಿಲ್ಲ, ಅದು ಕೊಲೆಯೆಂದೇ ಒಪ್ಪಿಕೊಳ್ಳುತ್ತಾನೆ. ಈ ವ್ಯತ್ಯಾಸವನ್ನು ಹಿಡಿದು ಒಬ್ಬರು ವೇಲನ್ಸ್ ಪರವಾಗಿ, ಒಬ್ಬರು ಟಾಮ್ ಪರವಾಗಿ, ಒಬ್ಬರು ನಿಜ ತಿಳಿದೂ ಅದನ್ನು ಅಚ್ಚು ಹಾಕದ ಪತ್ರಿಕೆಯ ಸಂಪಾದಕನ ಪರವಾಗಿ ವಾದಿಸಿ ನೋಡಿ. ಶ್ರೇಷ್ಠ ಎಂಬ ಮಾತಿಗೆ ಬೇಕಾದ ಸಾಕ್ಷಿ ತಾನಾಗಿ ಹೊರಬರುತ್ತದೆ. ಸ್ಟುಡಿಯೋ ಸೆಟ್‌ನಲ್ಲೇ ಬಹುಪಾಲು ತೆಗೆದ ಈ ಕಪ್ಪು ಬಿಳುಪು ಸಿನಿಮಾಕ್ಕೆ ವಿಶಾಲ ಬಯಲಿನ ನೋಟವಿಲ್ಲ ಎಂಬ ದೂರು ಬರುತ್ತದೆ. ಬಯಲು ಮುಗಿದ ಕಾಲದ ಕಥೆಗೆ ಆ ಇಕ್ಕಟ್ಟೇ ಸರಿ ಎಂಬುದು ನನ್ನ ಉತ್ತರ.

ನೆಲ ಯಾರದು ಎಂದು ಕೇಳಿ

ವೆಸ್ಟರ್ನ್‌ಗಳ ಬುಡದಲ್ಲಿರುವುದು ನೆಲದ ಜಗಳ, ಮತ್ತು ಆ ವಿಷಯದಲ್ಲಿ ಈ ಜಿಲ್ಲೆಯವರು ಬೇರೆ ಯಾರಿಗಿಂತಲೂ ಕಡಿಮೆ ಬಲ್ಲವರಲ್ಲ. ಜಾರ್ಜ್ ಸ್ಟೀವನ್ಸ್ ಅವರ ‘ಶೇನ್’ (1953) ನೋಡುವಾಗ, ದನಗಳ ಒಡೆಯ ರೈಕರ್ ರಾತ್ರಿ ಒಕ್ಕಲು ಮಾಡುವ ಸ್ಟಾರೆಟ್‌ನ ಅಂಗಳಕ್ಕೆ ಬಂದು ಆಡುವ ಮಾತನ್ನು ಎರಡು ಸಲ ಹಾಕಿ. ಈ ನೆಲವನ್ನು ಹದಕ್ಕೆ ತಂದವರು ನಾವು, ನೀವು ಬಂದು ಬೇಲಿ ಹಾಕಿದಿರಿ ಎಂಬುದು ಅವನ ವಾದ. ನಿಮಗಿಂತ ಮೊದಲೂ ಇಲ್ಲಿ ಜನರಿದ್ದರು ಎಂಬುದು ಸ್ಟಾರೆಟ್‌ನ ಉತ್ತರ. ಖಳನಿಗೂ ಇಷ್ಟು ಗಟ್ಟಿ ಮಾತು ಕೊಟ್ಟದ್ದು ಆ ಸಿನಿಮಾದ ದೊಡ್ಡತನ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಮಾತು ಮನೆಯಲ್ಲಿ ಕೇಳಿದವರಿಗೆ, ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ, ಶರಾವತಿಯ ಮುಳುಗಡೆಯಿಂದ ಎದ್ದು ಬಂದ ಕುಟುಂಬದವರಿಗೆ ಇಲ್ಲಿ ಹೇಳಲು ಇರುವುದು ಯಾವ ವಿಮರ್ಶಕನಿಗೂ ಇರಲಾರದು. ಅವರನ್ನು ಮಾತಾಡಿಸಿ, ಕಾದು ಕೇಳಿ.

ಇಬ್ಬರ ವಾದದಲ್ಲೂ ಆ ನೆಲದ ಮೂಲನಿವಾಸಿಗಳು ಹಕ್ಕುದಾರರಾಗಿ ಬರುವುದಿಲ್ಲ. ಈ ಕೊರತೆಯನ್ನು ಬದಿಗಿಟ್ಟು ಶ್ರೇಷ್ಠತೆಯ ವಾದ ಮಾಡಬಾರದು, ಮತ್ತು ಇದರ ನಡುಮಧ್ಯಕ್ಕೆ ಕೊಂಡೊಯ್ಯುವ ಸಿನಿಮಾ ಫೋರ್ಡ್ ಅವರ ‘ದಿ ಸರ್ಚರ್ಸ್’ (1956). ಮೂಲನಿವಾಸಿ ಬುಡಕಟ್ಟಿನವರಾದ ಕೊಮಾಂಚಿಗಳು ಹೊತ್ತೊಯ್ದ ಅಣ್ಣನ ಮಗಳನ್ನು ಈಥನ್ ವರ್ಷಗಟ್ಟಲೆ ಹುಡುಕುತ್ತಾನೆ. ಉಳಿಸಲು ಹುಡುಕುತ್ತಿಲ್ಲ, ಅವರೊಡನೆ ಬಾಳಿದ ಅವಳನ್ನು ಕೊಲ್ಲಲು ಹುಡುಕುತ್ತಿದ್ದಾನೆ ಎಂಬುದು ನಮಗೆ ಮೆಲ್ಲಗೆ ಹೊಳೆಯುತ್ತದೆ. ಜಾನ್ ವೇನ್‌ನಂಥ ಜನಪ್ರಿಯ ನಾಯಕನ ಮೈಯಲ್ಲಿ ಜನಾಂಗದ್ವೇಷವನ್ನು ಹೀಗೆ ಬಿಚ್ಚಿಟ್ಟದ್ದು ಧೈರ್ಯದ ಕೆಲಸ. ಅದೇ ಸಿನಿಮಾ ಮೂಲನಿವಾಸಿ ಹೆಂಗಸೊಬ್ಬಳನ್ನು ಇಳಿಜಾರಿನಲ್ಲಿ ಒದ್ದು ಉರುಳಿಸುವುದನ್ನು ನಗುವಿಗಾಗಿ ಇಟ್ಟಿದೆ, ಕೊಮಾಂಚಿ ನಾಯಕನ ಪಾತ್ರವನ್ನು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರ್ಯಾಂಡನ್‌ಗೆ ಕೊಟ್ಟಿದೆ. ಮೊದಲನೆಯದನ್ನು ಹೊಗಳುವವರು ಎರಡನೆಯದನ್ನೂ ತಾವೇ ಹೇಳಬೇಕು. ಎದುರಿನವರು ಹೇಳಲಿ ಎಂದು ಕಾಯಬಾರದು.

ಇಷ್ಟಾದರೂ ಶ್ರೇಷ್ಠ ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ, ಸಾಕ್ಷಿಗೆ ಒಂದು ಸಣ್ಣ ದೃಶ್ಯ ಕೊಡುತ್ತೇನೆ. ಹುಡುಕಾಟಕ್ಕೆ ಹೊರಡುವ ಮೊದಲು ಕ್ಯಾಪ್ಟನ್ ಕ್ಲೇಟನ್ ನಿಂತಲ್ಲೇ ಕಾಫಿ ಕುಡಿಯುತ್ತಿದ್ದಾನೆ. ಅವನ ಹಿಂದೆ ಒಳಕೋಣೆಯಲ್ಲಿ ಅತ್ತಿಗೆ ಮಾರ್ಥಾ ಮೈದುನ ಈಥನ್‌ನ ಕೋಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಸವರುತ್ತಾಳೆ. ಕ್ಲೇಟನ್ ಅದನ್ನು ಗಮನಿಸಿಯೂ ಕಾಣದವನಂತೆ ಎದುರಿಗೆ ನೋಡುತ್ತ ಕಾಫಿ ಹೀರುತ್ತಾನೆ. ಈಥನ್ ಯಾಕೆ ಇಷ್ಟು ವರ್ಷ ಊರು ಬಿಟ್ಟಿದ್ದ, ಅವಳು ಸತ್ತ ಮೇಲೆ ಯಾಕೆ ಹಾಗಾದ ಎಂಬುದಕ್ಕೆ ಸಿನಿಮಾ ಬೇರೆ ವಿವರಣೆ ಕೊಡುವುದೇ ಇಲ್ಲ. ಒಂದೂ ಮಾತಿಲ್ಲದೆ ಒಂದು ಬದುಕಿನ ಕಥೆ ಹೇಳಬಲ್ಲ ಈ ಶಕ್ತಿಯನ್ನು ಬೇರೆ ವೆಸ್ಟರ್ನ್‌ಗಳಲ್ಲಿ ಹುಡುಕಿ ತನ್ನಿ ಎಂದು ಎದುರಾಳಿಗೆ ಹೇಳಬಹುದು. ಅವರು ಹುಡುಕಿ ತಂದರೆ ವಾದ ಇನ್ನಷ್ಟು ಗಟ್ಟಿಯಾಗುತ್ತದೆ.

ಮಳೆ, ಕರೆಂಟು, ಶಬ್ದ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಗಳು ಖಾಲಿ ಸಿಗುತ್ತವೆ, ಆದರೆ ಕರೆಂಟು ಸಿಗುವುದು ಗ್ಯಾರಂಟಿಯಿಲ್ಲ. ಸಿನಿಮಾವನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ. ಇಂಗ್ಲಿಷ್ ಅಕ್ಷರ ಓಡುವ ವೇಗಕ್ಕೆ ಓದಲಾಗದ ಹಿರಿಯರಿದ್ದರೆ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಕಥೆಯನ್ನು ಕನ್ನಡದಲ್ಲಿ ಹೇಳಿ. ಅವರ ಪ್ರಶ್ನೆಗಳಿಂದಲೇ ಎಷ್ಟೋ ಒಳ್ಳೆಯ ವಾದಗಳು ಹುಟ್ಟುತ್ತವೆ. ಕೊಯ್ಲು ಶುರುವಾದ ಮೇಲೆ ಸಿನಿಮಾ ಹಾಕುವ ಯೋಚನೆ ಬಿಡಿ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೈಗೆ ಕೆಲಸ, ಬಾಯಿಗೆ ಬಿಡುವು. ಮಳೆಗಾಲದಲ್ಲಿ ನೋಡಿದ್ದನ್ನು ಎತ್ತಿಕೊಂಡು ವಾದ ಮುಂದುವರಿಸಲು ಅದೇ ತಕ್ಕ ಹೊತ್ತು.

ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ (1968) ಮಾತ್ರ ತಗಡಿನ ಮಾಡಿನ ಕೆಳಗೆ ಜೋರು ಮಳೆಯ ದಿನ ಹಾಕಬೇಡಿ. ರೈಲ್ವೆ ನಿಲ್ದಾಣದಲ್ಲಿ ಮೂವರು ಕೊಲೆಗಡುಕರು ಕಾಯುವ ಅದರ ಆರಂಭದಲ್ಲಿ ಮಾತಿಗಿಂತ ಶಬ್ದವೇ ಮುಖ್ಯ: ಗಾಳಿಯಂತ್ರದ ಕಿರುಗುಟ್ಟುವಿಕೆ, ಟೋಪಿಯ ಮೇಲೆ ತೊಟ್ಟಿಕ್ಕುವ ನೀರು, ಬಂದೂಕಿನ ನಳಿಗೆಯಲ್ಲಿ ಸಿಕ್ಕಿದ ನೊಣದ ಗುಂಯ್‌ಗುಟ್ಟುವಿಕೆ. ಮಳೆ ಅದನ್ನೆಲ್ಲ ನುಂಗಿದರೆ ‘ಏನೂ ನಡೆಯುತ್ತಿಲ್ಲವಲ್ಲ’ ಎಂಬ ದೂರು ಬರುತ್ತದೆ, ಸಿನಿಮಾ ವಾದಕ್ಕೆ ಮೊದಲೇ ಸೋಲುತ್ತದೆ.

ಪ್ರಿಯವಾದದ್ದನ್ನು ಹೇಳುವ ಬಗೆ

ಊಟದ ನಂತರದ ಮಾತಿಗೆ ಒಂದೇ ನಿಯಮ ಸಾಕು: ‘ಚೆನ್ನಾಗಿದೆ’ ಎಂಬ ಪದ ಬಳಸದೆ ಹೇಳಬೇಕು. ನನ್ನ ಪ್ರಿಯ ವೆಸ್ಟರ್ನ್ ರಾಬರ್ಟ್ ಆಲ್ಟ್‌ಮನ್ ಅವರ ‘ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್’ (1971). ಬಹುತೇಕ ವೆಸ್ಟರ್ನ್‌ಗಳಲ್ಲಿ ಧೂಳು ಏಳುತ್ತದೆ. ಇದರಲ್ಲಿ ಮಳೆ, ಕೆಸರು, ಒದ್ದೆ ಹಲಗೆಯ ಮನೆಗಳು, ಲಾಟೀನಿನ ಹಳದಿ ಬೆಳಕು, ಕೊನೆಗೆ ಹಿಮ. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ, ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ, ನಮ್ಮ ಕಡೆಯ ಯಾವುದೇ ಮಳೆಗಾಲದ ಹೋಟೆಲಿನ ಹಾಗೆ. ಗಣಿ ಕಂಪನಿಯವರು ಬೆಲೆ ಹೇಳಿದಾಗ ಮೆಕೇಬ್ ಹೆಚ್ಚಿಗೆ ಕೇಳುತ್ತಾನೆ, ಅವರು ಚೌಕಾಸಿ ಬಿಟ್ಟು ಕೊಲೆಗಾರರನ್ನು ಕಳಿಸುತ್ತಾರೆ. ಅವನು ಹಿಮದಲ್ಲಿ ಒಬ್ಬನೇ ಹೋರಾಡುವಾಗ ಊರಿನವರೆಲ್ಲ ಚರ್ಚಿಗೆ ಬಿದ್ದ ಬೆಂಕಿ ಆರಿಸುತ್ತಿರುತ್ತಾರೆ. ‘ಹೈ ನೂನ್’ನಲ್ಲಿ ಊರು ಬೇಕೆಂದೇ ಕೈಬಿಟ್ಟಿತು, ಇಲ್ಲಿ ಊರಿಗೆ ಗೊತ್ತೇ ಆಗುವುದಿಲ್ಲ. ಇದು ‘ದಿ ಸರ್ಚರ್ಸ್’ಗಿಂತ ದೊಡ್ಡ ಸಿನಿಮಾ ಎಂದು ನಾನು ವಾದಿಸುವುದಿಲ್ಲ. ನನಗೆ ಇದರ ಹವೆ ಗೊತ್ತು, ಹಾಗಾಗಿ ಇದರ ಜನರೂ ಗೊತ್ತೆನಿಸುತ್ತದೆ.

ಹೊಸದಾಗಿ ಶುರುಮಾಡುವವರು ‘ಹೈ ನೂನ್’, ‘ರಿಯೋ ಬ್ರಾವೊ’, ‘ಶೇನ್’, ‘ಲಿಬರ್ಟಿ ವೇಲನ್ಸ್’, ‘ದಿ ಸರ್ಚರ್ಸ್’, ಮಳೆ ಬಿಟ್ಟ ಮೇಲೆ ಲಿಯೋನೆ, ಆಮೇಲೆ ‘ಮೆಕೇಬ್’ ಎಂಬ ಕ್ರಮದಲ್ಲಿ ನೋಡಬಹುದು. ಕ್ಲಿಂಟ್ ಈಸ್ಟ್‌ವುಡ್ ಅವರ ‘ಅನ್‌ಫರ್ಗಿವನ್’ (1992) ನಾಲ್ಕು ಆಸ್ಕರ್ ಪಡೆದದ್ದರಿಂದ ಅದನ್ನೇ ಮೊದಲು ಹಾಕೋಣ ಎಂದು ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಲಿಯೋನೆಯ ಸಿನಿಮಾಗಳಿಂದ ಹೆಸರಾದ ನಟ ಮುದುಕನಾಗಿ, ಕುದುರೆ ಹತ್ತಲೂ ಒದ್ದಾಡುತ್ತ, ಕೊಂದವರ ನೆನಪಿನಲ್ಲಿ ನರಳುವ ಕಥೆ ಅದು. ಗುಂಡು ಹಾರಿಸಿ ಹೆಸರು ಮಾಡಿದವರ ಸುದ್ದಿ ಎಷ್ಟು ಸುಳ್ಳಾಗಿರುತ್ತದೆ ಎಂಬುದನ್ನು ಅದು ಹಳೆಯ ಸಿನಿಮಾಗಳಿಗೇ ತಿರುಗಿ ಹೇಳುತ್ತದೆ. ಹಳೆಯವನ್ನು ನೋಡಿ, ಅವುಗಳ ಪರ ವಾದಿಸಿ, ಪಟ್ಟು ಹಿಡಿದವರಿಗೇ ಅದರ ಏಟು ಪೂರ್ತಿ ತಾಗುವುದರಿಂದ ಅದನ್ನು ಕೊನೆಗಿಡಿ.